ಅಗ್ಗದ ಓಪನ್ ಟಾಪ್ ಕಾರು: ಮೊದಲು ಅಡಿಗೆ ಬಗ್ಗಿ ನೋಡಿ

ಪ್ರಶ್ನೆ: ಇಂಗ್ಲೆಂಡಿನಲ್ಲಿದ್ದೇನೆ. ಟಾಪ್ ಮಡಚುವ, ಎರಡೇ ಸೀಟಿನ ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳುವ ಆಸೆ. ದುಡ್ಡು ಕಡಿಮೆ. ಯಾವುದು ಒಳ್ಳೆಯದು? ಮುಂದೆ ಊರಿಗೆ ತರಬಹುದೇ?

ಉತ್ತರ: ಹೆಚ್ಚು ಯೋಚಿಸಬೇಡಿ, ಮಜ್ದಾ ಎಂಎಕ್ಸ್-5 ನೋಡಿ. 1989ರಲ್ಲಿ ಬಂದ ಈ ಕಾರು 2016ರ ಹೊತ್ತಿಗೆ ಹತ್ತು ಲಕ್ಷ ತಯಾರಾಗಿತ್ತು. ಬಿಡಿಭಾಗಕ್ಕೂ ಬಲ್ಲ ಮೆಕ್ಯಾನಿಕ್ಕಿಗೂ ಬರವಿಲ್ಲ. ಹೆಡ್‌ಲೈಟ್ ಮೇಲೆದ್ದು ಬರುವ ಮೊದಲ ತಲೆಮಾರಿನ ಮೇಲೆ ಸಂಗ್ರಹಕಾರರ ಕಣ್ಣು ಬಿದ್ದಿದೆ. ಎರಡನೆಯದೋ ಮೂರನೆಯದೋ ಜೇಬಿಗೆ ಹತ್ತಿರ.

ಎಂಜಿನ್ ಗಟ್ಟಿ. ಕಾರನ್ನು ಕೊಲ್ಲುವುದು ತುಕ್ಕು. ಟಾಪಿನ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿನ ಸಣ್ಣ ಕಂಡಿಗಳಿಂದ ಇಳಿದುಹೋಗಬೇಕು. ಎಲೆ, ಕಸ ಕಟ್ಟಿಕೊಂಡರೆ ಅದು ಬಾಗಿಲ ಕೆಳಗಿನ ಟೊಳ್ಳಿನಲ್ಲಿ ನಿಂತು ಒಳಗಿನಿಂದಲೇ ತಿನ್ನುತ್ತದೆ. ಹೊರಗಿನಿಂದ ಚಳಿಗಾಲದ ರಸ್ತೆಯ ಉಪ್ಪು ಬೇರೆ. ಹಿಂಚಕ್ರದ ಮುಂದಿನ ಜಾಗ ಒತ್ತಿ ನೋಡಿ. ಎರಡನೆಯ ತಲೆಮಾರಾದರೆ ಮುಂಭಾಗದ ಚಾಸಿಯನ್ನೂ ನೋಡಿ. ಅಡಿಗೆ ಹೊಸದಾಗಿ ಕಪ್ಪು ಬಳಿದಿದ್ದರೆ ನನಗಂತೂ ಅನುಮಾನವೇ. ನೋಂದಣಿ ಸಂಖ್ಯೆ ಕೊಟ್ಟರೆ ಹಳೆಯ ಎಂಓಟಿ ತಪಾಸಣೆಯ ವಿವರ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ತುಕ್ಕಿನ ಮಾತು ವರ್ಷವರ್ಷವೂ ಬಂದಿದ್ದರೆ ಕೈಬಿಡಿ.

ಊರಿಗೆ ತರುವ ಆಸೆಯನ್ನೂ ಬಿಡಿ. ಸ್ಟಿಯರಿಂಗ್ ಬಲಕ್ಕಿದ್ದರೂ, ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೆಯದಾಗಿದ್ದರೆ ಭಾರತದ ಆಮದು ನಿಯಮ ಒಪ್ಪದು.