ಚುಕ್ಕಿಗೆ ಮುಂಚಿನ ದಿನಗಳು

ನಮ್ಮ ಅಡುಗೆಮನೆಯ ಗೋಡೆಯ ಮೇಲೆ ಪ್ರತಿವರ್ಷವೂ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇರುತ್ತಿತ್ತು. ದಪ್ಪ ಅಂಕಿಗಳ ಕೆಳಗೆ ಅಮ್ಮ ಹಾಲಿನ ಲೆಕ್ಕ ಬರೆಯುತ್ತಿದ್ದಳು. ಒಂದು, ಒಂದೂವರೆ, ಹಾಲು ಬಾರದ ದಿನಕ್ಕೆ ಅಡ್ಡಗೆರೆ. ಇವುಗಳ ನಡುವೆ ತಿಂಗಳಿಗೊಮ್ಮೆ ಯಾವುದಾದರೂ ಅಂಕಿಯ ಮೂಲೆಯಲ್ಲಿ ಪೆನ್ನಿನ ಒಂದು ಪುಟ್ಟ ಚುಕ್ಕಿ. ಅದೇನೆಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ನನಗೆ ಮುಟ್ಟು ಶುರುವಾದ ವರ್ಷ ಅದೇ ಹಾಳೆಯಲ್ಲಿ ಕೆಂಪು ಶಾಯಿಯ ಎರಡನೆಯ ಚುಕ್ಕಿ ಕಾಣಿಸಿಕೊಂಡಾಗ ಎಲ್ಲ ತಿಳಿಯಿತು.

ಚುಕ್ಕಿ ಬೀಳುತ್ತಿದ್ದುದು ರಕ್ತ ಕಂಡ ದಿನಕ್ಕೆ. ಅದಕ್ಕೆ ಮುಂಚಿನ ಏಳೆಂಟು ದಿನಗಳಿಗೆ ಗುರುತೂ ಇರಲಿಲ್ಲ, ಹೆಸರೂ ಇರಲಿಲ್ಲ. ಎದೆ ಸೋಕಿದರೆ ನೋವು, ಸೀರೆ ಎಷ್ಟು ಸಡಿಲ ಮಾಡಿ ಉಟ್ಟರೂ ಹೊಟ್ಟೆ ಬಿಗಿ, ರಾತ್ರಿ ಮೂರಕ್ಕೆ ಎಚ್ಚರ, ಯಾರಾದರೂ ‘ಸಾರಿಗೆ ಉಪ್ಪು ಕಡಿಮೆ’ ಅಂದರೆ ಸಾಕು ಕಣ್ಣು ತುಂಬಿಕೊಳ್ಳುವುದು. ಮುಟ್ಟಾದ ಒಂದೆರಡು ದಿನದಲ್ಲಿ ಎಲ್ಲವೂ ತಾನಾಗಿ ಇಳಿಯುತ್ತಿತ್ತು. ಈಗ ಇದನ್ನು ಪಿಎಂಎಸ್ ಅನ್ನುತ್ತಾರೆ. ಆ ಹೆಸರಿನ ಬೆನ್ನಿಗೇ ‘ಹಾರ್ಮೋನ್ ಇಂಬ್ಯಾಲೆನ್ಸ್’ ಎಂಬ ಮಾತೂ ಮನೆಮನೆಗೆ ಬಂದಿದೆ. ಮೊಡವೆಗೂ ಅದೇ ಕಾರಣ, ಕೂದಲು ಉದುರಿದರೂ ಅದೇ, ಅತ್ತರೂ ಅದೇ. ಅದನ್ನು ಸರಿದೂಗಿಸುತ್ತೇವೆ ಎನ್ನುವ ಪುಡಿ, ಕಷಾಯ, ಮಾತ್ರೆಗಳ ಜಾಹೀರಾತು ಫೋನ್ ತೆರೆದರೆ ಮೊದಲು ಕಣ್ಣಿಗೆ ಬೀಳುತ್ತದೆ. ಹಾಗಾಗಿ ಈ ಮಾತನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ಪಿಎಂಎಸ್ ಇರುವ ಬಹುಪಾಲು ಹೆಂಗಸರ ರಕ್ತದಲ್ಲಿ ಹಾರ್ಮೋನುಗಳು ಇರಬೇಕಾದಷ್ಟೇ ಇರುತ್ತವೆ.

ಇದು ಗೊತ್ತಾಗುವುದಕ್ಕೆ ವೈದ್ಯಲೋಕಕ್ಕೂ ಬಹಳ ಕಾಲ ಹಿಡಿಯಿತು. 1931ರಲ್ಲಿ ನ್ಯೂಯಾರ್ಕಿನ ಸ್ತ್ರೀರೋಗ ತಜ್ಞ ರಾಬರ್ಟ್ ಫ್ರಾಂಕ್ 15 ಹೆಂಗಸರ ಕಷ್ಟವನ್ನು ದಾಖಲಿಸಿ, ಇದು ಸ್ತ್ರೀ ಹಾರ್ಮೋನು ಹೆಚ್ಚಾದುದರ ಫಲ ಎಂದರು. ತೀವ್ರವಾಗಿದ್ದವರ ಅಂಡಾಶಯಕ್ಕೆ ಎಕ್ಸ್‌ರೇ ಹಾಯಿಸಿದ್ದೂ ಉಂಟು. ಓದುವಾಗ ಮೈ ಜುಮ್ಮೆನ್ನುತ್ತದೆ. 1953ರಲ್ಲಿ ಇಂಗ್ಲೆಂಡಿನ ವೈದ್ಯೆ ಕ್ಯಾಥರೀನಾ ಡಾಲ್ಟನ್, ರೇಮಂಡ್ ಗ್ರೀನ್ ಅವರೊಂದಿಗೆ ಬರೆದ ಲೇಖನದಲ್ಲಿ ಇದನ್ನು ಪಿಎಂಎಸ್ ಎಂದು ಕರೆದರು. ಮುಟ್ಟಿನ ಹೊತ್ತಿಗೆ ಕಾಡುತ್ತಿದ್ದ ಅವರ ಸ್ವಂತ ಮೈಗ್ರೇನ್ ಬಸುರಿಯಾಗಿದ್ದಾಗ ಮಾಯವಾಗಿತ್ತು. ಬಸುರಿನಲ್ಲಿ ಪ್ರೊಜೆಸ್ಟೆರಾನ್ ತುಂಬಾ ಏರುತ್ತದೆ. ಹಾಗಾದರೆ ಅದರ ಕೊರತೆಯೇ ರೋಗ ಎಂದುಕೊಂಡು ದಶಕಗಳ ಕಾಲ ಪ್ರೊಜೆಸ್ಟೆರಾನ್ ಕೊಟ್ಟರು. ಹೆಂಗಸರ ಮಾತನ್ನು ನಂಬಿದ ವೈದ್ಯೆ ಎಂಬ ಗೌರವ ಅವರಿಗೆ ಸಲ್ಲಬೇಕು. ಆದರೆ ಮುಂದೆ ಹುಸಿ ಔಷಧಿಯ ಜೊತೆ ಹೋಲಿಸಿ ನೋಡಿದಾಗ ಪ್ರೊಜೆಸ್ಟೆರಾನಿನಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಒಬ್ಬರು ಹೆಚ್ಚಾಗಿದೆ ಎಂದರು, ಇನ್ನೊಬ್ಬರು ಕಡಿಮೆಯಾಗಿದೆ ಎಂದರು. ರಕ್ತದಲ್ಲಿ ಅಳೆದು ನೋಡಿದವರಿಗೆ, ತೊಂದರೆ ಇರುವವರಿಗೂ ಇಲ್ಲದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಸಿಗಲಿಲ್ಲ.

ಗಂಟು ಬಿಡಿಸಿದ್ದು 1998ರಲ್ಲಿ ಪ್ರಕಟವಾದ ಒಂದು ಪ್ರಯೋಗ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ ಪೀಟರ್ ಶ್ಮಿಟ್ ಮತ್ತು ಡೇವಿಡ್ ರುಬಿನೋ ಅವರ ತಂಡ, ಪಿಎಂಎಸ್ ಇದ್ದ ಹೆಂಗಸರಿಗೆ ಅಂಡಾಶಯದ ಕೆಲಸವನ್ನು ತಾತ್ಕಾಲಿಕವಾಗಿ ನಿಲ್ಲಿಸುವ ಔಷಧಿ ಕೊಟ್ಟಿತು. ಏರಿಳಿತ ನಿಂತಿತು, ಆ ಔಷಧಿ ಪಡೆದ ಹತ್ತು ಜನರ ಲಕ್ಷಣಗಳೂ ತಗ್ಗಿದವು. ಆಮೇಲೆ ಅವರಿಗೆ ಈಸ್ಟ್ರೋಜನ್ ಅಥವಾ ಪ್ರೊಜೆಸ್ಟೆರಾನನ್ನು, ದೇಹದಲ್ಲಿ ಸಹಜವಾಗಿ ಇರುವ ಮಟ್ಟದಲ್ಲೇ, ಮರಳಿ ಕೊಟ್ಟರು. ಅಳು, ಸಿಡುಕು, ಬೇಸರ ಎಲ್ಲ ಮರಳಿ ಬಂದವು. ಪಿಎಂಎಸ್ ಇಲ್ಲದ 15 ಹೆಂಗಸರಿಗೂ ಇದನ್ನೇ ಮಾಡಿದರು. ಅವರ ಮನಸ್ಸು ಕದಲಲೇ ಇಲ್ಲ. ಅಂದರೆ ಹಾರ್ಮೋನು ಎರಡೂ ಕಡೆ ಒಂದೇ, ಅದಕ್ಕೆ ಓಗೊಡುವ ಮೆದುಳು ಬೇರೆ. ಅದೇ ತಂಡ 2017ರಲ್ಲಿ ಇನ್ನೊಂದು ವಿಷಯ ಹೇಳಿತು. ಹಾರ್ಮೋನನ್ನು ಏರಿಳಿತವಿಲ್ಲದೆ ಒಂದೇ ಸಮ ಕೊಡುತ್ತಾ ಹೋದರೆ, ಲಕ್ಷಣಗಳು ಕಾಡುವುದು ಮೊದಲ ತಿಂಗಳು ಮಾತ್ರ. ಮೆದುಳನ್ನು ಕೆಣಕುವುದು ಬದಲಾವಣೆ. ಪ್ರಮಾಣ ಎಷ್ಟಿದೆ ಎಂಬುದು ಅಷ್ಟು ಮುಖ್ಯವಲ್ಲ.

ಒಳಗೆ ನಡೆಯುವುದು ಹೀಗೆ. ಚಕ್ರದ ನಡುಭಾಗದಲ್ಲಿ ಅಂಡಾಶಯದಿಂದ ಅಂಡ ಹೊರಬೀಳುತ್ತದೆ. ಅದು ಬಿಟ್ಟುಹೋದ ಪುಟ್ಟ ಚೀಲ ಹಳದಿ ಬಣ್ಣಕ್ಕೆ ತಿರುಗಿ, ತಾನೇ ಒಂದು ಗ್ರಂಥಿಯಾಗಿ ಪ್ರೊಜೆಸ್ಟೆರಾನ್ ಸ್ರವಿಸತೊಡಗುತ್ತದೆ. ಗರ್ಭ ನಿಲ್ಲದಿದ್ದರೆ ಇದರ ಆಯಸ್ಸು ಸುಮಾರು ಎರಡು ವಾರ. ಅದು ಬಾಡಿದಾಗ ಪ್ರೊಜೆಸ್ಟೆರಾನ್ ಕುಸಿದು ಮುಟ್ಟಾಗುತ್ತದೆ. ಈ ಪ್ರೊಜೆಸ್ಟೆರಾನ್ ದೇಹದಲ್ಲಿ ಒಡೆದು ಅಲೋಪ್ರೆಗ್ನನೊಲೋನ್ ಎಂಬ ಇನ್ನೊಂದು ವಸ್ತುವಾಗುತ್ತದೆ. ಮೆದುಳಿನಲ್ಲಿ ಗಾಬಾ ಎಂಬ ರಾಸಾಯನಿಕ ನರಕೋಶಗಳ ಓಟಕ್ಕೆ ಬ್ರೇಕ್ ಹಾಕುತ್ತದೆ. ಅಲೋಪ್ರೆಗ್ನನೊಲೋನ್ ಆ ಬ್ರೇಕನ್ನು ಇನ್ನಷ್ಟು ಒತ್ತುತ್ತದೆ. ಕೆಲವು ನಿದ್ರೆ ಮಾತ್ರೆಗಳು ಕೆಲಸ ಮಾಡುವುದೂ ಇದೇ ಜಾಗದಲ್ಲಿ. ಹೆಚ್ಚಿನವರಿಗೆ ಇದರಿಂದ ಸಿಗುವುದು ಶಾಂತಿ. ಕೆಲವರ ಮೆದುಳು ಮಾತ್ರ ಈ ಏರಿಳಿತಕ್ಕೆ ಬೇಗ ಹೊಂದಿಕೊಳ್ಳಲಾರದೆ ತಳಮಳಗೊಳ್ಳುತ್ತದೆ. ಮನಸ್ಸಿನ ಹದ ಕಾಯುವ ಸೆರೊಟೋನಿನ್ನಿಗೂ ಇದರಲ್ಲಿ ಪಾಲಿದೆ. ಹೊಟ್ಟೆ ಉಬ್ಬರಿಸುವುದಕ್ಕೆ ಒಂದು ಕಾರಣ ಸರಳ: ಪ್ರೊಜೆಸ್ಟೆರಾನ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ.

ಈ ವಿವರದಿಂದ ನನಗೆ ಸಿಕ್ಕ ದೊಡ್ಡ ಸಮಾಧಾನವೆಂದರೆ, ತಿಂಗಳು ತಿಂಗಳೂ ಲೆಕ್ಕ ತಪ್ಪದೆ ಪಿಎಂಎಸ್ ಬರುತ್ತಿದ್ದರೆ ಅಂಡಾಶಯ ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ ಎಂದೇ ಅರ್ಥ. ನಿಜವಾದ ಹಾರ್ಮೋನು ಏರುಪೇರಿನ ಚಹರೆ ಬೇರೆ. ಮುಟ್ಟು ಎರಡು ಮೂರು ತಿಂಗಳು ಬಾರದಿರುವುದು, ಗದ್ದದ ಮೇಲೆ ಗಡಸು ಕೂದಲು, ಕಾರಣವಿಲ್ಲದೆ ತೂಕ ಏರುವುದು ಇದ್ದರೆ ಪಿಸಿಓಎಸ್ ಇರಬಹುದು. ಚಳಿ ತಡೆಯಲಾಗದೆ ಮೈ ಭಾರವಾಗುವುದು, ಮಲಬದ್ಧತೆ, ಚರ್ಮ ಒಣಗುವುದು ಇದ್ದರೆ ಥೈರಾಯ್ಡ್ ನೋಡಿಸಬೇಕು. ಮಗುವಿಗೆ ಹಾಲೂಡಿಸದೆಯೂ ಎದೆಯಲ್ಲಿ ಹಾಲು ಜಿನುಗಿದರೆ ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನನ್ನು ನೋಡಿಸಬೇಕು. ಇವನ್ನು ರಕ್ತಪರೀಕ್ಷೆ, ಸ್ಕ್ಯಾನಿಂಗಿನಲ್ಲಿ ಕಂಡುಹಿಡಿಯಬಹುದು, ಇವಕ್ಕೆ ಚಿಕಿತ್ಸೆಯೂ ಇದೆ. ಪಿಎಂಎಸ್ ಇದೆ ಎಂದು ಹೇಳುವ ರಕ್ತಪರೀಕ್ಷೆ ಮಾತ್ರ ಇಲ್ಲ. ಸಾವಿರಾರು ರೂಪಾಯಿಯ ‘ಹಾರ್ಮೋನ್ ಪ್ಯಾಕೇಜ್’ ಮಾಡಿಸಿ ಎಲ್ಲ ನಾರ್ಮಲ್ ಎಂದು ಬಂದಾಗ, ‘ಹಾಗಾದ್ರೆ ನಿಂದೆಲ್ಲ ಬರೀ ಮನಸ್ಸಿನ ಭ್ರಮೆ’ ಎಂಬ ಮಾತು ಕೇಳಿಸಿಕೊಂಡು ಬರುವ ಹುಡುಗಿಯರನ್ನು ಕಂಡಿದ್ದೇನೆ. ಆ ಮಾತು ತಪ್ಪು. ರಿಪೋರ್ಟು ನಾರ್ಮಲ್, ಕಷ್ಟವೂ ನಿಜ.

ಪಿಎಂಎಸ್ ಪತ್ತೆ ಮಾಡುವ ಸಾಧನ ಅಡುಗೆಮನೆಯ ಆ ಕ್ಯಾಲೆಂಡರ್. ರಾತ್ರಿ ಮಲಗುವ ಮುಂಚೆ ಆ ದಿನದ ಚೌಕದಲ್ಲಿ ಒಂದು ಅಂಕಿ ಬರೆಯಿರಿ. ತೊಂದರೆ ಏನೂ ಇಲ್ಲದಿದ್ದರೆ 0, ಸ್ವಲ್ಪ ಇದ್ದರೆ 1, ಸಾಕಷ್ಟಿದ್ದರೆ 2, ಕೆಲಸವೇ ಆಗದಷ್ಟಿದ್ದರೆ 3. ಪಕ್ಕದಲ್ಲಿ ಒಂದೊಂದು ಅಕ್ಷರ: ಸಿಡುಕಿಗೆ ಸಿ, ನೋವಿಗೆ ನೋ, ನಿದ್ದೆಗೆಟ್ಟರೆ ನಿ. ಮುಟ್ಟಾದ ದಿನ ಚುಕ್ಕಿ. ಕಡೇ ಪಕ್ಷ ಎರಡು ತಿಂಗಳು ಬಿಡದೆ ಬರೆಯಬೇಕು. ನೆನಪಿನಿಂದ ಆಮೇಲೆ ತುಂಬಬಾರದು, ನೆನಪು ಮೋಸ ಮಾಡುತ್ತದೆ. ವೈದ್ಯರು ಪಿಎಂಎಸ್ ಗುರುತಿಸುವುದೂ ಇಂಥ ದಿನಚರಿಯಿಂದಲೇ. ಚುಕ್ಕಿಗೆ ಮುಂಚೆ 2, 3ರ ಸಾಲು, ಮುಟ್ಟು ಮುಗಿದ ಮೇಲೆ ಒಂದು ವಾರ 0 ಬಂದರೆ ಅದು ಪಿಎಂಎಸ್. ತಿಂಗಳಿಡೀ 2 ಇದ್ದರೆ ಬೇರೆ ಏನೋ ಇದೆ.

ನನ್ನ ಅಕ್ಕನ ಮಗಳು ‘ಚಿಕ್ಕಮ್ಮ, ನಂದು ಖಂಡಿತ ಪಿಎಂಎಸ್ಸೇ’ ಎನ್ನುತ್ತಿದ್ದಳು. ಎರಡು ತಿಂಗಳು ಬರೆದು ಫೋಟೋ ಕಳಿಸಿದಳು. ಮುಟ್ಟು ಮುಗಿದ ಮೇಲಿನ ವಾರದಲ್ಲೂ 2, 2, 3, 2. ಪಕ್ಕದಲ್ಲೆಲ್ಲ ‘ಸು’, ಅಂದರೆ ಸುಸ್ತು. ರಕ್ತ ಪರೀಕ್ಷೆ ಮಾಡಿಸಿದರೆ ಹಿಮೋಗ್ಲೋಬಿನ್ 8.4. ಹೆಂಗಸರಿಗೆ ಅದು 12ಕ್ಕಿಂತ ಕೆಳಗಿಳಿದರೆ ರಕ್ತಹೀನತೆ ಎಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 15ರಿಂದ 49 ವಯಸ್ಸಿನ ಭಾರತೀಯ ಹೆಂಗಸರಲ್ಲಿ ನೂರಕ್ಕೆ 57 ಜನರಿಗೆ ರಕ್ತಹೀನತೆ ಇತ್ತು. ಅವಳಿಗೆ ಬೇಕಾಗಿದ್ದುದು ಕಬ್ಬಿಣದ ಮಾತ್ರೆ. ಅದುವರೆಗೆ ಅವಳು ದುಡ್ಡು ಸುರಿದಿದ್ದುದು ಹಾರ್ಮೋನು ಸರಿದೂಗಿಸುವ ಚಹಾಕ್ಕೆ.

ಮನೆಯಲ್ಲೇ ಮಾಡಿಕೊಳ್ಳಬಹುದಾದುದರಲ್ಲಿ ಪುರಾವೆ ಚೆನ್ನಾಗಿರುವುದು ಕ್ಯಾಲ್ಸಿಯಂಗೆ. 1998ರಲ್ಲೇ ಅಮೆರಿಕದಲ್ಲಿ 466 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಒಂದು ಗುಂಪಿಗೆ ದಿನಕ್ಕೆ 1200 ಮಿಲಿಗ್ರಾಂ ಕ್ಯಾಲ್ಸಿಯಂ, ಇನ್ನೊಂದಕ್ಕೆ ಹುಸಿ ಮಾತ್ರೆ ಕೊಟ್ಟರು. ಮೂರನೆಯ ತಿಂಗಳ ಹೊತ್ತಿಗೆ ಕ್ಯಾಲ್ಸಿಯಂ ತಿಂದವರ ಲಕ್ಷಣಗಳು ಶೇಕಡ 48ರಷ್ಟು ಇಳಿದಿದ್ದವು. ಹುಸಿ ಮಾತ್ರೆಯವರದ್ದು ಶೇಕಡ 30. ಆ 30ನ್ನು ಸ್ವಲ್ಪ ಗಮನಿಸಿ. ಏನೂ ಇಲ್ಲದ ಮಾತ್ರೆಯೇ ಇಷ್ಟು ನೆಮ್ಮದಿ ಕೊಡುವುದಾದರೆ, ‘ನನಗೆ ಈ ಪುಡಿಯಿಂದ ಗುಣವಾಯಿತು’ ಎನ್ನುವ ಪ್ರಾಮಾಣಿಕ ಮಾತಿನಿಂದಲೂ ಆ ಪುಡಿಯ ಗುಣ ಸಾಬೀತಾಗುವುದಿಲ್ಲ.

ಕ್ಯಾಲ್ಸಿಯಂ ವಿಷಯದಲ್ಲಿ ನಮ್ಮ ಸೀಮೆಯವರು ಪುಣ್ಯವಂತರು. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಷ್ಟೇ ತೂಕದ ಹಸುವಿನ ಹಾಲಿನಲ್ಲಿ ಸುಮಾರು 120. ರಾಗಿಯಲ್ಲಿರುವ ಫೈಟೇಟ್ ಎಂಬ ಅಂಶ ಕ್ಯಾಲ್ಸಿಯಮ್ಮನ್ನು ಪೂರ್ತಿ ಹೀರಿಕೊಳ್ಳಲು ಬಿಡುವುದಿಲ್ಲ, ನಿಜ. ಅದಕ್ಕೇ ರಾಗಿಯನ್ನು ನೆನೆಸಿ, ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ ಬೀಸುವ ಹಳೆಯ ಪದ್ಧತಿ ಜಾಣತನದ್ದು. ಮೊಳಕೆಯಲ್ಲಿ ಫೈಟೇಟ್ ಇಳಿಯುತ್ತದೆ. ಒಂದು ಮುದ್ದೆ, ಎರಡು ಲೋಟ ಮಜ್ಜಿಗೆ, ಅನ್ನಕ್ಕೆ ಎಳ್ಳಿನ ಚಟ್ನಿಪುಡಿ, ನುಗ್ಗೆಸೊಪ್ಪಿನ ಪಲ್ಯ ಇದ್ದರೆ ವಯಸ್ಕ ಹೆಂಗಸಿಗೆ ಐಸಿಎಂಆರ್ ಹೇಳುವ ದಿನಕ್ಕೆ 1000 ಮಿಲಿಗ್ರಾಂ ತೀರಾ ದೂರದ ಮಾತಲ್ಲ. ಕಿಡ್ನಿಯಲ್ಲಿ ಕಲ್ಲು ಇರುವವರು ಮಾತ್ರೆಯನ್ನು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ನಡಿಗೆ, ನಿದ್ದೆ: ಎರಡೂ ಎಲ್ಲರಿಗೂ ಗೊತ್ತಿರುವುದೇ, ಎರಡೂ ನಿಜಕ್ಕೂ ಉಪಯೋಗಕ್ಕೆ ಬರುತ್ತವೆ. ಮನೆಗೆಲಸವೇ ವ್ಯಾಯಾಮವಾಯಿತಲ್ಲ ಎನ್ನುವವರಿಗೆ ಒಂದು ಮಾತು. ಉಸಿರು ಸ್ವಲ್ಪ ಏರುವಷ್ಟು ಅರ್ಧ ಗಂಟೆ ಬಿರುಸಾಗಿ ನಡೆಯುವುದು ಬೇರೆ, ನಿಂತೇ ಪಾತ್ರೆ ತೊಳೆದು ಸೊಂಟ ಹಿಡಿಸಿಕೊಳ್ಳುವುದು ಬೇರೆ. ಮುಟ್ಟಿನ ದಿನದ ಹೊಟ್ಟೆನೋವಿಗೆ ಬಿಸಿನೀರಿನ ಚೀಲ ಒಳ್ಳೆಯದು. ಆ ನೋವು ಪಿಎಂಎಸ್‌ನ ಕತೆಯಲ್ಲ, ಅದಕ್ಕೆ ಕಾರಣ ಪ್ರೊಸ್ಟಗ್ಲ್ಯಾಂಡಿನ್ ಎಂಬ ಬೇರೆ ವಸ್ತು. ಬಿ6 ವಿಟಮಿನ್ ಕೆಲವರಿಗೆ ನೆರವಾಗಬಹುದು. ಆದರೆ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ಬಹುಕಾಲ ನುಂಗಿದರೆ ಕೈಕಾಲು ಜೋಮು ಹಿಡಿದು ನರಗಳೇ ಹಾಳಾಗಬಹುದು.

ಗಿಡಮೂಲಿಕೆಗಳಲ್ಲಿ ಹುಸಿ ಔಷಧಿಗೆ ಹೋಲಿಸಿ ಪರೀಕ್ಷಿಸಿ ಒಳ್ಳೆಯ ಫಲಿತಾಂಶ ಕಂಡಿದ್ದು ಯುರೋಪಿನ ಚೇಸ್ಟ್‌ಬೆರಿ ಹಣ್ಣಿನ ಸಾರದಲ್ಲಿ. 2001ರಲ್ಲಿ 170 ಹೆಂಗಸರ ಮೇಲೆ ನಡೆದ ಅಧ್ಯಯನದಲ್ಲಿ ಅದನ್ನು ತೆಗೆದುಕೊಂಡವರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಜನರಿಗೆ ಗುಣ ಕಂಡಿತು, ಹುಸಿ ಮಾತ್ರೆಯವರಲ್ಲಿ ಕಾಲುಭಾಗದಷ್ಟು ಜನರಿಗೆ. ನಮ್ಮ ಬೇಲಿಗಳಲ್ಲಿ ಬೆಳೆಯುವ ಲಕ್ಕಿ ಗಿಡ ಇದರ ಸೋದರ ಸಂಬಂಧಿ. ನೆಂಟಸ್ತಿಕೆ ಇದೆಯೆಂದು ಲಕ್ಕಿ ಸೊಪ್ಪಿನ ಕಷಾಯ ಕುಡಿಯಲು ಹೋಗಬೇಡಿ. ಎರಡೂ ಬೇರೆ ಗಿಡಗಳು, ಪರೀಕ್ಷೆಯಾದದ್ದು ಒಂದರದ್ದು ಮಾತ್ರ. ಚೇಸ್ಟ್‌ಬೆರಿಯನ್ನೂ ಬಸುರಿಯರು, ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುವವರು ದೂರವಿಡಬೇಕು. ಚಕ್ರದ ಮೊದಲರ್ಧಕ್ಕೆ ಅಗಸೆ, ಕುಂಬಳ ಬೀಜ, ಉಳಿದರ್ಧಕ್ಕೆ ಎಳ್ಳು, ಸೂರ್ಯಕಾಂತಿ ಬೀಜ ತಿಂದರೆ ಹಾರ್ಮೋನು ಸರಿಹೋಗುತ್ತದೆ ಎಂಬ ಮಾತು ಈಗ ಚಾಲ್ತಿಯಲ್ಲಿದೆ. ಬೀಜಗಳು ಒಳ್ಳೆಯ ಆಹಾರ, ತಿನ್ನಿ. ಆದರೆ ಈ ಸರದಿಗೆ ಗಟ್ಟಿ ಆಧಾರವಿಲ್ಲ.

ಇವೆಲ್ಲಕ್ಕೂ ಬಗ್ಗದ ತೀವ್ರ ರೂಪವೊಂದಿದೆ. ಅದರ ಹೆಸರು ಪಿಎಂಡಿಡಿ. 2013ರಿಂದ ಮನೋವೈದ್ಯರ ಕೈಪಿಡಿಯಲ್ಲಿ ಅದಕ್ಕೆ ಸ್ವತಂತ್ರ ಸ್ಥಾನ ಸಿಕ್ಕಿದೆ. ಪ್ರತಿ ತಿಂಗಳೂ ಚುಕ್ಕಿಗೆ ಮುಂಚಿನ ವಾರ ಬದುಕೇ ಬೇಡ ಅನ್ನಿಸುವುದು, ಮನೆಯವರನ್ನು ಕಂಡರೆ ತಡೆಯಲಾಗದ ಸಿಟ್ಟು, ಕೆಲಸ ಬಿಡುವಂಥ ಸ್ಥಿತಿ ಇದ್ದರೆ ಕಷಾಯದಲ್ಲಿ ಕಾಲ ಕಳೆಯಬೇಡಿ, ವೈದ್ಯರನ್ನು ಕಾಣಿ. ಸೆರೊಟೋನಿನ್ ಮೇಲೆ ಕೆಲಸ ಮಾಡುವ ಮಾತ್ರೆಗಳು ಖಿನ್ನತೆಗೆ ಫಲ ಕೊಡಲು ವಾರಗಳು ಬೇಕು, ಪಿಎಂಡಿಡಿಗೆ ಕೆಲವೇ ದಿನ ಸಾಕು. ಎಷ್ಟೋ ಜನರಿಗೆ ತಿಂಗಳಲ್ಲಿ ಎರಡು ವಾರ ತೆಗೆದುಕೊಂಡರೆ ಆಗುತ್ತದೆ. ಸಾಯುವ ಯೋಚನೆ ಬಂದರೆ ಆ ಕ್ಷಣವೇ ಯಾರಿಗಾದರೂ ಹೇಳಿ. ಬೆಂಗಳೂರಿನ ನಿಮ್ಹಾನ್ಸ್ ಮುಂದಾಳತ್ವದ ಟೆಲಿ ಮಾನಸ್ ಸಹಾಯವಾಣಿ, 14416, ಹಗಲೂ ರಾತ್ರಿ ಕನ್ನಡದಲ್ಲೇ ಮಾತಾಡುತ್ತದೆ.

ಮನೆಯ ಗಂಡಸರೂ ಈ ಕ್ಯಾಲೆಂಡರ್ ನೋಡಲಿ ಎಂಬುದು ನನ್ನ ಆಸೆ. ಆದರೆ ಅದನ್ನು ನೋಡಿ ‘ಓ, ಡೇಟ್ ಹತ್ರ ಬಂತಾ?’ ಎಂದು ಮಾತು ಮುಗಿಸುವುದಕ್ಕಾಗಿ ಅಲ್ಲ. ಆ ದಿನಗಳಲ್ಲಿ ಸಹನೆಯ ಕಟ್ಟೆ ತಗ್ಗಿರುತ್ತದೆ. ಕಟ್ಟೆಯ ಹಿಂದೆ ನಿಂತ ನೀರು ಇಡೀ ತಿಂಗಳಿನದು.

ಅಮ್ಮನ ಹಳೆಯ ಕ್ಯಾಲೆಂಡರುಗಳನ್ನು ಇತ್ತೀಚೆಗೆ ಟ್ರಂಕಿನಿಂದ ತೆಗೆದು ನೋಡುತ್ತಿದ್ದೆ. ಒಂದು ಹಾಳೆ ನನಗೆ ಚೆನ್ನಾಗಿ ನೆನಪಿತ್ತು. ಆ ಬೆಳಗ್ಗೆ ಅವಳು ಹಾಲಿನವನ ಮೇಲೆ ಬೀದಿಗೆ ಕೇಳುವಂತೆ ರೇಗಿದ್ದಳು. ಅಪ್ಪ ಪೇಪರಿನಿಂದ ತಲೆ ಎತ್ತಿ, ‘ಇಷ್ಟಕ್ಕೆಲ್ಲ ಯಾಕೆ ಕೂಗಾಡ್ತೀಯ?’ ಎಂದಿದ್ದರು. ಚುಕ್ಕಿ ಇರುವುದು ಅದರ ಮೂರನೆಯ ದಿನಕ್ಕೆ, ಸರಿ. ಆದರೆ ಆ ಬೆಳಗ್ಗೆಗೆ ಹಿಂದಿನ ಐದು ದಿನಗಳ ಕೆಳಗೆ ಅವಳ ಸಣ್ಣ ಅಕ್ಷರದಲ್ಲಿ ‘ನೀರು’, ‘ನೀರು’, ‘ಮೊಸರು ಹೆಪ್ಪಾಗಲಿಲ್ಲ’, ‘ನೀರು’, ‘ನೀರು’ ಎಂದಿದೆ. ರೇಗಿದ ಮರುದಿನದ ಚೌಕದಲ್ಲಿ ‘ಒಂದೂವರೆ, ಗಟ್ಟಿ’. ತಿಂಗಳ ಕೊನೆಯ ಲೆಕ್ಕದಲ್ಲಿ ಆ ಐದು ದಿನದ ದುಡ್ಡು ಹಿಡಿದಿದ್ದಾಳೆ.