ನಿಂತ ಕಾರಿಗೂ ವಯಸ್ಸಾಗುತ್ತದೆ

ಕಾರಿನ ಜೊತೆ ಬರುವ ಪುಸ್ತಕದಲ್ಲಿ ಸರ್ವಿಸ್ ಪಟ್ಟಿಯ ನೆತ್ತಿಯ ಮೇಲೆ ಒಂದು ಸಾಲಿರುತ್ತದೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಯಾವುದು ಮೊದಲೋ ಅದು. ಕಿಲೋಮೀಟರಿನ ಲೆಕ್ಕವನ್ನು ಎಲ್ಲರೂ ಒಪ್ಪುತ್ತಾರೆ. ತಿಂಗಳಿನ ಲೆಕ್ಕ ಮಾತ್ರ ಕಂಪನಿಯವರು ದುಡ್ಡು ಕೀಳಲು ಸೇರಿಸಿದ್ದು ಎಂಬ ಗುಮಾನಿ. ‘ವರ್ಷಕ್ಕೆ ಎರಡು ಸಾವಿರ ಕಿಲೋಮೀಟರೂ ಓಡಿಲ್ಲ, ಇದಕ್ಕೆಂಥ ಸರ್ವಿಸ್ಸು?’ ಎನ್ನುವವರು ಪ್ರತಿ ಬೀದಿಯಲ್ಲೂ ಸಿಗುತ್ತಾರೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ತಯಾರಿಕೆ ನಿಂತದ್ದು 2014ರ ಜನವರಿಯಲ್ಲಿ. ಅಂದರೆ ಆ ಸಂತತಿಯ ಅತಿ ಕಿರಿಯ ಕಾರಿಗೂ ಈಗ ಹತ್ತು ವರ್ಷ ದಾಟಿದೆ. ಅವುಗಳಲ್ಲಿ ಬಹಳಷ್ಟು ಈಗ ತರಕಾರಿ ತರಲು, ದೇವಸ್ಥಾನಕ್ಕೆ, ಮಳೆ ಬಂದ ದಿನ ಮಕ್ಕಳನ್ನು ಶಾಲೆಗೆ ಬಿಡಲು ಮಾತ್ರ ಹೊರಡುತ್ತವೆ. ಎಂಜಿನ್ನಿನ ಮಟ್ಟಿಗೆ ಇದಕ್ಕಿಂತ ಕಷ್ಟದ ಕೆಲಸ ಇನ್ನೊಂದಿಲ್ಲ.

ಯಾಕೆಂದು ತಿಳಿಯಲು ಪೆಟ್ರೋಲ್ ಉರಿದಾಗ ಏನಾಗುತ್ತದೆಂದು ನೋಡಬೇಕು. ಪೆಟ್ರೋಲಿನಲ್ಲಿರುವ ಹೈಡ್ರೋಜನ್ ಗಾಳಿಯ ಆಮ್ಲಜನಕದ ಜೊತೆ ಕೂಡಿ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹುಟ್ಟುವ ನೀರು ಹೆಚ್ಚುಕಡಿಮೆ ಒಂದು ಲೀಟರ್! ಬಹುಪಾಲು ಆವಿಯಾಗಿ ಸೈಲೆನ್ಸರ್ ಮೂಲಕ ಹೋಗುತ್ತದೆ; ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿಯಿಂದ ನುಸುಳಿ ಕೆಳಗಿನ ಆಯಿಲ್ ಇರುವ ಜಾಗಕ್ಕೆ ಇಳಿಯುತ್ತದೆ. ಎಂಜಿನ್ ಚೆನ್ನಾಗಿ ಕಾದಿದ್ದರೆ ಆ ನೀರು ಆವಿಯಾಗಿ ಹೊರಬೀಳುತ್ತದೆ. ಎರಡು ಕಿಲೋಮೀಟರ್ ಓಡಿ ನಿಂತ ಕಾರಿನ ಆಯಿಲ್ ಅಷ್ಟು ಕಾಯುವುದೇ ಇಲ್ಲ. ನೀರು ಅಲ್ಲೇ ಉಳಿಯುತ್ತದೆ, ಅರೆಬರೆ ಉರಿದ ಪೆಟ್ರೋಲೂ ಸೇರಿಕೊಳ್ಳುತ್ತದೆ, ಎರಡೂ ಕೂಡಿ ಆಮ್ಲ ಹುಟ್ಟುತ್ತದೆ. ಇಂಥ ಕಾರಿನ ಆಯಿಲ್ ಮುಚ್ಚಳ ತೆಗೆದು ಒಳಮೈ ನೋಡಿ: ಗಟ್ಟಿ ಮಜ್ಜಿಗೆಯಂಥ ಬಿಳಿಚು ಲೋಳೆ ಅಂಟಿರುತ್ತದೆ. (ಅದು ಬಹಳವಾಗಿದ್ದು, ರೇಡಿಯೇಟರಿನ ನೀರೂ ಕಡಿಮೆಯಾಗುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಆಗ ತಡಮಾಡುವಂತಿಲ್ಲ.)

ಆಯಿಲ್ ಎಂದರೆ ಬರೀ ಜಾರುವ ದ್ರವ ಎಂದುಕೊಂಡಿದ್ದೇವೆ. ಅದರೊಳಗೆ ಆಮ್ಲವನ್ನು ಕೊಲ್ಲುವ ಕ್ಯಾಲ್ಸಿಯಂ ಸಂಯುಕ್ತಗಳಿವೆ, ಮಸಿಯ ಕಣಗಳು ಒಂದಕ್ಕೊಂದು ಅಂಟದಂತೆ ತೇಲಿಸಿ ಹಿಡಿಯುವ ರಾಸಾಯನಿಕಗಳಿವೆ, ಲೋಹಕ್ಕೆ ಲೋಹ ತಾಗುವ ಕಡೆ ಕವಚದಂತೆ ಕೂರುವ ಸತು-ರಂಜಕದ ಸಂಯುಕ್ತವಿದೆ. ಒಂದೊಂದೂ ಕೆಲಸ ಮಾಡುತ್ತ ಮಾಡುತ್ತ ಖರ್ಚಾಗಿಹೋಗುವಂಥದ್ದು. ಆಯಿಲ್ ಕಪ್ಪಾಯಿತೆಂದು ಗಾಬರಿಯಾಗುವವರಿದ್ದಾರೆ. ಮಸಿಯನ್ನು ತನ್ನಲ್ಲಿ ಹಿಡಿದಿಟ್ಟುಕೊಂಡಿದೆ ಎಂಬುದಕ್ಕೆ ಅದು ಗುರುತು. ಡಿಪ್‌ಸ್ಟಿಕ್ಕಿನ ತುದಿಯ ಬಣ್ಣ ನೋಡಿ ಆಯಿಲ್ ಚೆನ್ನಾಗಿದೆಯೋ ಕೆಟ್ಟಿದೆಯೋ ಹೇಳಲಾಗದು. ಮಟ್ಟ ಎಷ್ಟಿದೆಯೆಂದು ಹೇಳಬಹುದು, ಅಷ್ಟೆ. ಹಳೆಯ ಎಂಜಿನ್ ಆಯಿಲ್ ಕುಡಿಯುವುದರಿಂದ ಆ ಮಟ್ಟವನ್ನು ತಿಂಗಳಿಗೊಮ್ಮೆಯಾದರೂ ನೋಡುವುದು ಒಳ್ಳೆಯದು.

ಆಯಿಲ್ ಹೇಗೆ ಲೋಹವನ್ನು ಕಾಯುತ್ತದೆಂಬುದು ಗೊತ್ತಾದದ್ದು ಒಂದು ತೂತಿನಿಂದ. 1880ರ ದಶಕದ ಆರಂಭದಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಬೋಚಂಪ್ ಟವರ್ ರೈಲು ಅಚ್ಚಿನ ಬೇರಿಂಗುಗಳ ಮೇಲೆ ಪ್ರಯೋಗ ಮಾಡುತ್ತಿದ್ದರು. ಎಣ್ಣೆ ಬಿಡಲು ಬೇರಿಂಗಿನ ಮೇಲ್ಭಾಗದಲ್ಲಿ ತೂತು ಕೊರೆದರೆ, ಅಚ್ಚು ತಿರುಗಿದಾಗ ಎಣ್ಣೆ ಅಲ್ಲಿಂದಲೇ ಉಕ್ಕಿ ಬಂತು. ಮರದ ಬೆಣೆ ಹೊಡೆದು ಮುಚ್ಚಿದರೆ ಬೆಣೆಯನ್ನೂ ತಳ್ಳಿಹಾಕಿತು. ಕೊನೆಗೆ ಒತ್ತಡದ ಮಾಪಕ ಜೋಡಿಸಿದಾಗ ಮುಳ್ಳು ಚದರ ಅಂಗುಲಕ್ಕೆ 200 ಪೌಂಡ್ ದಾಟಿತು. ತಿರುಗುವ ಅಚ್ಚು ತಾನೇ ಎಣ್ಣೆಯನ್ನು ಬೆಣೆಯಾಕಾರದ ಸಂದಿಗೆ ಎಳೆದುಕೊಂಡು, ಆ ಒತ್ತಡದ ಮೇಲೆ ತೇಲುತ್ತಿತ್ತು. ಇದರ ಗಣಿತವನ್ನು ಆಸ್ಬರ್ನ್ ರೆನಾಲ್ಡ್ಸ್ 1886ರಲ್ಲಿ ಬರೆದರು. ನಿಮ್ಮ ಕಾರಿನ ಕ್ರ್ಯಾಂಕ್ ಶಾಫ್ಟ್ ಇವತ್ತಿಗೂ ಹಾಗೇ ತೇಲುತ್ತದೆ, ಕೂದಲೆಳೆಗಿಂತ ಎಷ್ಟೋ ತೆಳುವಾದ ಪದರದ ಮೇಲೆ. ಪೆಟ್ರೋಲ್ ಬೆರೆತು ಆಯಿಲ್ ನೀರಾದರೆ ಆ ಪದರ ಇನ್ನೂ ತೆಳುವಾಗುತ್ತದೆ. ಎಂಜಿನ್ ಸವೆದು ‘ಬೋರಿಗೆ ಬಂತು’ ಎಂದು ಮೆಕ್ಯಾನಿಕ್ ಹೇಳುವ ದಿನಕ್ಕೆ ಅಲ್ಲಿಂದ ದಾರಿ ಹತ್ತಿರ.

ಹಾಗಾದರೆ ಹೆಚ್ಚು ಓಡುವ ಕಾರು ಬೇಗ ಹಾಳಾಗಬೇಕಲ್ಲ? ನ್ಯೂಯಾರ್ಕಿನ ಲಾಂಗ್ ಐಲೆಂಡಿನ ಇರ್ವ್ ಗಾರ್ಡನ್ ವೃತ್ತಿಯಿಂದ ವಿಜ್ಞಾನದ ಮೇಷ್ಟ್ರಾಗಿದ್ದರು. 1966ರಲ್ಲಿ ಕೊಂಡ ವೋಲ್ವೋ ಪಿ1800 ಕಾರನ್ನು ಅವರು 2013ರ ಹೊತ್ತಿಗೆ ಮೂವತ್ತು ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಓಡಿಸಿದ್ದರು. ಗಿನ್ನೆಸ್ ದಾಖಲೆಯೂ ಆಯಿತು. ಅವರ ಗುಟ್ಟಿನಲ್ಲಿ ಗುಟ್ಟೇನೂ ಇರಲಿಲ್ಲ. ಪುಸ್ತಕ ಹೇಳಿದ ಹೊತ್ತಿಗೆ ಹೇಳಿದ್ದನ್ನು ಬದಲಿಸುತ್ತಿದ್ದರು. ನನಗೆ ಇನ್ನೊಂದು ಕಾರಣವೂ ಕಾಣುತ್ತದೆ. ಅವರ ಕಾರು ಹೆದ್ದಾರಿಯಲ್ಲಿ ದೂರ ದೂರ ಓಡುತ್ತಿತ್ತು, ಎಂಜಿನ್ ದಿನವೂ ಚೆನ್ನಾಗಿ ಕಾಯುತ್ತಿತ್ತು.

ಕಾಯುವ ಮಾತು ಬಂದದ್ದರಿಂದ ನಮ್ಮ ಗ್ಯಾರೇಜುಗಳ ಒಂದು ಹಳೆಯ ಚಾಳಿ ಹೇಳಲೇಬೇಕು. ಎಂಜಿನ್ ಬಿಸಿಯಾಗುತ್ತದೆ ಎಂದು ದೂರಿದರೆ ಥರ್ಮೋಸ್ಟಾಟ್ ಕಿತ್ತು ಕೈಗಿಡುತ್ತಾರೆ, ‘ನಮ್ಮ ಊರಿಗೆ ಇದು ಬೇಡ ಸಾರ್’ ಎನ್ನುತ್ತಾರೆ. ಎಂಜಿನ್ ಸುತ್ತಲಿನ ನೀರು ಸುಮಾರು 82 ಡಿಗ್ರಿ ಮುಟ್ಟುವವರೆಗೆ ಅದನ್ನು ರೇಡಿಯೇಟರಿಗೆ ಬಿಡದಿರುವುದು ಆ ಪುಟ್ಟ ವಾಲ್ವಿನ ಕೆಲಸ. ಅದಿಲ್ಲದಿದ್ದರೆ ಎಂಜಿನ್ ಕಾಯಲು ಬಹಳ ಹೊತ್ತು ಹಿಡಿಯುತ್ತದೆ, ಮೇಲೆ ಹೇಳಿದ ರಗಳೆಗಳೆಲ್ಲ ಹೆಚ್ಚುತ್ತವೆ. ಬಿಸಿಯಾಗುವುದಕ್ಕೆ ಅಸಲಿ ಕಾರಣ ಸಾಮಾನ್ಯವಾಗಿ ಬೇರೆಲ್ಲೋ ಇರುತ್ತದೆ, ಬಹಳ ಸಲ ರೇಡಿಯೇಟರಿಗೆ ಸುರಿದ ಬೋರ್‌ವೆಲ್ ನೀರಿನಲ್ಲೇ. ಕೋಲಾರದ ಕಡೆಯ ಗಡಸು ನೀರು ಪಾತ್ರೆಯ ತಳದಲ್ಲಿ ಬಿಡುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕಟ್ಟುತ್ತದೆ, ಶಾಖ ದಾಟಲು ಬಿಡುವುದಿಲ್ಲ. ಕೂಲೆಂಟಿನಲ್ಲಿ ಎಥಿಲೀನ್ ಗ್ಲೈಕಾಲ್ ಜೊತೆಗೆ ಅಲ್ಯೂಮಿನಿಯಂ ಹೆಡ್ಡು ಕೊರೆಯದಂತೆ ತಡೆಯುವ ಪದಾರ್ಥಗಳಿವೆ. ಅವೂ ವರ್ಷಗಳಲ್ಲಿ ತೀರುತ್ತವೆ, ಕಾರು ಓಡಲಿ ಬಿಡಲಿ.

ಇಷ್ಟೂ ಹಣದ ಮಾತಾಯಿತು. ಬ್ರೇಕ್ ಆಯಿಲಿನದು ಜೀವದ ಮಾತು. ಹೆಸರು ಆಯಿಲ್ ಆದರೂ ಅದು ಎಣ್ಣೆಯಲ್ಲ. ಗ್ಲೈಕಾಲ್ ಜಾತಿಯ ದ್ರವ, ಗಾಳಿಯ ತೇವವನ್ನು ಹೀರುವುದು ಅದರ ಹುಟ್ಟುಗುಣ. ರಬ್ಬರ್ ಹೋಸಿನ ಗೋಡೆಯ ಮೂಲಕವೂ ತೇವ ಒಳಸೇರುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವ ಕುದಿಯಲು ಕನಿಷ್ಠ 205 ಡಿಗ್ರಿ ಬೇಕು. ಅದರಲ್ಲಿ ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದರೆ ಸಾಕು, 140 ಡಿಗ್ರಿಗೇ ಕುದಿಯಬಹುದು. ಈಗ ಆಗುಂಬೆಯ ಹದಿನಾಲ್ಕು ತಿರುವುಗಳನ್ನು ನೆನೆಸಿಕೊಳ್ಳಿ. ಜನರೂ ಸೇರಿ ಒಂದು ಟನ್ ತೂಗುವ ಕಾರು 500 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಸುಮಾರು 15 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರುವಷ್ಟು. ಗೇರ್ ಇಳಿಸದೆ ಬರೀ ಬ್ರೇಕ್ ತುಳಿದು ಇಳಿಯುವವರ ಕಾರಿನಲ್ಲಿ ಅದರ ದೊಡ್ಡ ಪಾಲು ಡಿಸ್ಕು, ಡ್ರಮ್ಮುಗಳಿಗೆ ಹೋಗುತ್ತದೆ. ಹಳೆಯ ದ್ರವ ಕುದಿದು ಗುಳ್ಳೆಯೆದ್ದರೆ ಪೆಡಲ್ ತುಳಿದದ್ದು ಗುಳ್ಳೆಯನ್ನು ಒತ್ತುವುದಕ್ಕೇ ಸರಿಹೋಗುತ್ತದೆ, ಚಕ್ರಕ್ಕೆ ಮುಟ್ಟುವುದಿಲ್ಲ. ಆದ್ದರಿಂದಲೇ ಎರಡು ವರ್ಷಕ್ಕೊಮ್ಮೆ ಬದಲಿಸಿ ಎನ್ನುವುದು. ತುಂಬಾ ದಿನ ನಿಂತ ಕಾರನ್ನು ಹಬ್ಬಕ್ಕೆಂದು ತೆಗೆದು ನೇರ ಘಾಟಿಗೆ ಇಳಿಸುವವರಿಗೆ ಇದನ್ನು ಎರಡು ಸಲ ಹೇಳಬೇಕು.

ರಬ್ಬರಿಗೂ ಹೀಗೇ ದಿನ ಎಣಿಸಬೇಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ನಿನಲ್ಲಿ ವಾಲ್ವು ತೆರೆಯುವ ಕ್ಯಾಮನ್ನು ಕ್ರ್ಯಾಂಕಿಗೆ ಜೋಡಿಸುವುದು ಆ ರಬ್ಬರ್ ಬೆಲ್ಟೇ; ಕ್ರ್ಯಾಂಕ್ ಎರಡು ಸುತ್ತು ತಿರುಗಿದರೆ ಕ್ಯಾಮ್ ಒಂದು ಸುತ್ತು. ನಿಮಿಷಕ್ಕೆ 3,000 ಸುತ್ತಿನಲ್ಲಿ ಒಂದೊಂದು ವಾಲ್ವೂ ಸೆಕೆಂಡಿಗೆ 25 ಸಲ ತೆರೆದು ಮುಚ್ಚುತ್ತದೆ. ಬೆಲ್ಟ್ ಹರಿದರೆ ಕೆಲವು ಎಂಜಿನ್ನುಗಳಲ್ಲಿ ಪಿಸ್ಟನ್ ಬಂದು ತೆರೆದ ವಾಲ್ವಿಗೆ ಗುದ್ದುತ್ತದೆ. ಬೆಲ್ಟು ಮುನ್ಸೂಚನೆ ಕೊಟ್ಟು ಹರಿಯುವುದು ಅಪರೂಪ. ಟೈರಿನ ವಯಸ್ಸು ಅದರ ಪಕ್ಕದಲ್ಲೇ ಬರೆದಿರುತ್ತದೆ: ಕೊನೆಯ ನಾಲ್ಕು ಅಂಕಿ 2316 ಎಂದಿದ್ದರೆ 2016ರ ಇಪ್ಪತ್ಮೂರನೆಯ ವಾರದಲ್ಲಿ ತಯಾರಾದದ್ದು. ಗುಂಡಿಗಳು ಆಳವಾಗಿವೆ ಎಂದು ಖುಷಿಪಡುವ ಮೊದಲು ಆ ಅಂಕಿ ನೋಡಿ. ಪೆಟ್ರೋಲಿಗೆ ಈಗ ಶೇ. 20ರಷ್ಟು ಎಥನಾಲ್ ಬೆರೆಯುತ್ತಿರುವುದರಿಂದ ಹಳೆಯ ಫ್ಯೂಯಲ್ ಹೋಸುಗಳ ಮೇಲೂ ಒಂದು ಕಣ್ಣಿರಲಿ. ಹಳೆಯ ರಬ್ಬರು ಎಥನಾಲಿಗೆಂದು ಮಾಡಿದ್ದಲ್ಲ, ಊದಿಕೊಂಡು ಬಿರಿಯಬಹುದು.

ಸೆಕೆಂಡ್ ಹ್ಯಾಂಡ್ ಕಾರು ಕೊಂಡು, ಹಿಂದಿನವರು ಏನು ಮಾಡಿಸಿದ್ದರೋ ತಿಳಿಯದಿದ್ದರೆ ನನ್ನ ಸಲಹೆ ಸರಳ: ಆಯಿಲ್, ಕೂಲೆಂಟ್, ಬ್ರೇಕ್ ಆಯಿಲ್, ಬೆಲ್ಟ್ ಎಲ್ಲವನ್ನೂ ಒಮ್ಮೆ ಹೊಸದಾಗಿ ಹಾಕಿಸಿ, ತಾರೀಖು ಮತ್ತು ಕಿಲೋಮೀಟರ್ ಎರಡನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಮೇಲೆ ಕಾರು ಕಡಿಮೆ ಓಡುವಂಥದ್ದಾದರೆ ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ. ಗೇಟಿನೊಳಗೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವ ಅಭ್ಯಾಸ ಬ್ಯಾಟರಿಗೂ ಸಾಲದು, ಆಯಿಲಿಗೂ ಕೆಡುಕು.

ಸರ್ವಿಸ್ ಪಟ್ಟಿಗೆ ಬಗ್ಗದ ಒಂದೇ ಕಾಯಿಲೆ ತುಕ್ಕು. ಕಾರವಾರ, ಮಂಗಳೂರಿನ ಉಪ್ಪುಗಾಳಿಯಲ್ಲಿ ವರ್ಷಗಟ್ಟಲೆ ನಿಂತ ಕಾರಿನ ಎಂಜಿನ್ ಎಷ್ಟೇ ಸೊಗಸಾಗಿದ್ದರೂ, ಸಸ್ಪೆನ್ಷನ್ ಕೂತಿರುವ ಜಾಗದ ತಗಡನ್ನು ಸ್ಕ್ರೂಡ್ರೈವರಿನಿಂದ ಚುಚ್ಚಿದಾಗ ಅದು ಒಳಗೆ ಹೋದರೆ ಅಂಥ ಕಾರನ್ನು ಗುಜರಿಗೆ ಕೊಡುವುದೇ ಲೇಸು. ಅದಕ್ಕೆ ತೇಪೆ ಬೆಸುಗೆ ಹಾಕಿಸಿ, ಮೇಲೆ ಪೇಂಟ್ ಬಳಿದು ಮಾರುವವರಿದ್ದಾರೆ. ಕೊಳ್ಳುವಾಗ ಬಾನೆಟ್ಟಿಗಿಂತ ಮೊದಲು ಕಾರಿನ ಅಡಿಗೆ ಬಗ್ಗಿ ನೋಡಿ.