ಬೆಂಕಿ ಬರುವ ಮುನ್ನ ಗಳಿಸಬೇಕಾದ ನಂಬಿಕೆ

ಅಮೆರಿಕದ ಮೊಂಟಾನಾ ರಾಜ್ಯದಲ್ಲಿ, ಹೆಲೆನಾ ನಗರದ ಉತ್ತರಕ್ಕೆ, ಮಿಸ್ಸೂರಿ ನದಿಗೆ ಇಳಿಯುವ ಮ್ಯಾನ್ ಗಲ್ಚ್ ಎಂಬ ಕಡಿದಾದ ಕಣಿವೆಯಿದೆ. ಕಳೆದ ಬೇಸಿಗೆಯಲ್ಲಿ ಅಲ್ಲಿಗೆ ಹೋಗಿದ್ದೆ. ಹುಲ್ಲು ಬೆಳೆದ ಇಳಿಜಾರಿನಲ್ಲಿ ಅಲ್ಲೊಂದು ಇಲ್ಲೊಂದರಂತೆ 13 ಸ್ಮಾರಕಗಳಿವೆ. ಅಗ್ನಿಶಾಮಕರು ಬಿದ್ದ ಜಾಗಗಳನ್ನು ಅವು ಗುರುತಿಸುತ್ತವೆ.

1949ರ ಆಗಸ್ಟ್ 5ರಂದು ಅಲ್ಲಿನ ಕಾಡ್ಗಿಚ್ಚನ್ನು ನಂದಿಸಲು 15 ಅಗ್ನಿಶಾಮಕರು ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಧುಮುಕಿದರು. ನೆಲದ ಮೇಲಿದ್ದ ಇನ್ನೊಬ್ಬರು ಅವರನ್ನು ಸೇರಿಕೊಂಡರು. ಬಹುತೇಕರು ಇಪ್ಪತ್ತರ ಆಸುಪಾಸಿನ ಯುವಕರು. ನಾಯಕ ವ್ಯಾಗ್ನರ್ ಡಾಡ್ಜ್. ನದಿಯತ್ತ ಇಳಿಯುತ್ತಿದ್ದಾಗ ಬೆಂಕಿ ಎದುರಿನಿಂದಲೇ ನುಗ್ಗಿಬಂತು. ಎಲ್ಲರೂ ಹಿಂದಿರುಗಿ ಗುಡ್ಡ ಏರತೊಡಗಿದರು. ಸಲಕರಣೆಗಳನ್ನು ಎಸೆಯಿರೆಂದು ಡಾಡ್ಜ್ ಆಜ್ಞಾಪಿಸಿದರು. ಬೆಂಕಿಯನ್ನು ಮೀರಿ ಓಡಲಾಗದೆಂದು ಮನವರಿಕೆಯಾದಾಗ ಅವರು ಕಡ್ಡಿ ಗೀರಿ ಮುಂದಿದ್ದ ಒಣಹುಲ್ಲಿಗೆ ತಾವೇ ಕಿಚ್ಚಿಟ್ಟರು. ಹುಲ್ಲು ಸುಟ್ಟು ಬರಿದಾದ ನೆಲದಲ್ಲಿ ಹಿಂದಿನ ಜ್ವಾಲೆಗೆ ಉರಿಯಲು ಏನೂ ಉಳಿಯದು. ಆ ಬೂದಿಯೊಳಗೆ ಬನ್ನಿರೆಂದು ಕೂಗಿದರು. ಯಾರೂ ಬರಲಿಲ್ಲ.

ಡಾಡ್ಜ್ ಬೂದಿಯಲ್ಲಿ ಮುಖವಡಿ ಮಲಗಿ ಬದುಕುಳಿದರು. ಇನ್ನಿಬ್ಬರು ಮೇಲಿನ ಬಂಡೆಗಳ ಸಂದಿಯಲ್ಲಿ ನುಸುಳಿ ಪಾರಾದರು. ಉಳಿದ 13 ಮಂದಿ ಸತ್ತರು.

ನಾಯಕನ ನಿರ್ಧಾರ ಸರಿಯಾಗಿತ್ತು. ಆದರೆ ತಂಡದ ಹಲವರಿಗೆ ಡಾಡ್ಜ್ ಅವರ ಪರಿಚಯ ಅಷ್ಟಕ್ಕಷ್ಟೆ. ಬೆಂಕಿಯಿಂದ ಓಡುತ್ತಿರುವಾಗ ಬೆಂಕಿ ಹಚ್ಚುವ ಮನುಷ್ಯನನ್ನು ನಂಬಬೇಕಾದರೆ ಮೊದಲೇ ಅವನನ್ನು ಅರಿತಿರಬೇಕು. ವಿವರಿಸಲು ಅಲ್ಲಿ ಸಮಯವಿರಲಿಲ್ಲ.

ಈ ಕಥೆ ನನ್ನನ್ನು ಕಾಡಲು ಕಾರಣವಿದೆ. ಈ ದೇಶಕ್ಕೆ ಬಂದ ಆರಂಭದ ವರ್ಷಗಳಲ್ಲಿ ಒಂದು ರಾತ್ರಿ ರೋಗಿಯೊಬ್ಬರ ಶ್ವಾಸನಾಳಕ್ಕೆ ಕೊಳವೆ ಹಾಕಲು ಹೆಣಗುತ್ತಿದ್ದೆ. ರಕ್ತದ ಆಮ್ಲಜನಕ ಕುಸಿಯುತ್ತಿತ್ತು. ‘ಡಾಕ್ಟರ್, ನಿಲ್ಲಿಸಿ, ಮಾಸ್ಕ್‌ನಿಂದ ಉಸಿರು ಕೊಡೋಣ’ ಎಂದು ಪಕ್ಕದಲ್ಲಿದ್ದ ಸಹಾಯಕಿ ಎರಡು ಬಾರಿ ಹೇಳಿದರು. ಎಂ.ಡಿ. ಪದವೀಧರನಾದ ನನಗೆ ಆ ಮಾತು ಕಿವಿಗೆ ಬೀಳಲೇ ಇಲ್ಲ. ಮೂರನೆಯ ಬಾರಿ ಆಕೆ ನನ್ನ ಮುಂಗೈ ಹಿಡಿದರು. ಆಗ ಉಪಕರಣ ಕೆಳಗಿಟ್ಟೆ. ರೋಗಿ ಬದುಕಿದರು. ನಾನು ಆ ರಾತ್ರಿ ಡಾಡ್ಜ್ ಆಗಿರಲಿಲ್ಲ. ಸಲಕರಣೆ ಬಿಡಲೊಲ್ಲದೆ ಓಡುತ್ತಿದ್ದವರಲ್ಲಿ ಒಬ್ಬನಾಗಿದ್ದೆ. ಆಕೆಯ ಹೆಸರೂ ನನಗೆ ಗೊತ್ತಿರಲಿಲ್ಲ.

ಅಂದಿನಿಂದ ಪ್ರತಿ ಪಾಳಿಯ ಆರಂಭದಲ್ಲಿ ಎಲ್ಲರ ಹೆಸರು ಕೇಳುತ್ತೇನೆ. ‘ನಾನು ತಪ್ಪು ಮಾಡುತ್ತಿದ್ದರೆ ತಡೆಯಿರಿ’ ಎನ್ನುತ್ತೇನೆ. ಇದಕ್ಕೆ ಎರಡು ನಿಮಿಷ ಸಾಕು.

1957ರಲ್ಲಿ ಅಮೆರಿಕದ ಅರಣ್ಯ ಸೇವೆಯು ಅಗ್ನಿಶಾಮಕರಿಗಾಗಿ ಹತ್ತು ಆದೇಶಗಳನ್ನು ರೂಪಿಸಿತು. ಸೂಚನೆ ಸ್ಪಷ್ಟವಾಗಿರಲಿ, ಕೇಳಿದವರಿಗೆ ಅದು ಅರ್ಥವಾಗಿದೆಯೇ ಎಂದು ಖಚಿತಪಡಿಸಿಕೊಳ್ಳಿ ಎಂಬುದು ಅವುಗಳಲ್ಲೊಂದು.

ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯ ವೈದ್ಯರಿಗೆ ಒಂದು ಮಾತು. ಊರಿನಲ್ಲಿ ಎಂ.ಡಿ. ಮುಗಿಸಿದವರೂ ಇಲ್ಲಿ ಸಾಮಾನ್ಯವಾಗಿ ಮತ್ತೆ ರೆಸಿಡೆನ್ಸಿ ಮಾಡಬೇಕಾಗುತ್ತದೆ. ಹಳೆಯ ಹಿರಿತನವನ್ನು ಕೆಳಗಿಡುವುದು ಕಷ್ಟ. ಆದರೂ ಇಡಿ, ಜೊತೆಗಿರುವವರನ್ನು ಅರಿಯಿರಿ. ಬಂಡೀಪುರದಲ್ಲಿ ಬೆಂಕಿರೇಖೆಗಳನ್ನು ಕಾಡು ಹೊತ್ತಿಕೊಂಡ ಮೇಲೆ ಮಾಡುವುದಿಲ್ಲ, ಬೇಸಿಗೆಗೆ ಮುನ್ನವೇ ಮಾಡುತ್ತಾರೆ. ನಂಬಿಕೆಯ ವಿಷಯವೂ ಹಾಗೆಯೇ.